ಹಳೆಯ ಕಾರಿನ ಜೀರ್ಣೋದ್ಧಾರ: ಉಳಿಸುವುದೆಲ್ಲಿಯವರೆಗೆ, ಅಳಿಸುವುದೆಲ್ಲಿಂದ?

ಹಳೆಯ ಮೋಟಾರು ಕಾರನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಮತ್ತೆ ಓಡುವಂತೆ ಮಾಡುವ ಕೆಲಸವನ್ನು ‘ರೆಸ್ಟೋರೇಶನ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ನಾವು ಇದನ್ನು ಜೀರ್ಣೋದ್ಧಾರ ಎನ್ನಬಹುದು. ದೇವಾಲಯಗಳ ವಿಷಯದಲ್ಲಿ ಈ ಪದ ನಮಗೆ ಚಿರಪರಿಚಿತ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲುಕಂಬಗಳನ್ನು ಕಿತ್ತು ಸಿಮೆಂಟಿನ ಮಂಟಪ ಎಬ್ಬಿಸಿದ್ದನ್ನೂ, ಶಾಸನದ ಅಕ್ಷರಗಳ ಮೇಲೆ ಸುಣ್ಣ ಬಳಿದದ್ದನ್ನೂ ನಾವು ಕಂಡಿದ್ದೇವೆ. ಕಾರುಗಳಿಗೂ ಇದೇ ಅಪಾಯವಿದೆ. ಯಾವ ಹಂತದವರೆಗೆ ಈ ಕೆಲಸ ಹಳೆಯದನ್ನು ಉಳಿಸುತ್ತದೆ, ಯಾವ ಹಂತದಿಂದ ಅಳಿಸತೊಡಗುತ್ತದೆ ಎಂಬುದು ಪ್ರಸ್ತುತ ಲೇಖನದ ವಿಷಯ.

ಚೌಮಹಲ್ಲಾದ ಹಳದಿ ಕಾರು

ಹೈದರಾಬಾದಿನ ವಾಸಿಗಳಾದ ನಮಗೆ ಉದಾಹರಣೆ ಸಮೀಪದಲ್ಲೇ ಇದೆ. ಹಳೆಯ ನಗರದ ಚೌಮಹಲ್ಲಾ ಅರಮನೆಯಲ್ಲಿ 1912ರ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರನ್ನು ಇರಿಸಲಾಗಿದೆ. ಅದನ್ನು ಮಾಡಿಸಲು ಆಜ್ಞಾಪಿಸಿದವರು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು. ಕಾರು ಕೈಸೇರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಅದು ವಿಶೇಷ ಸಮಾರಂಭಗಳಿಗೆ ಮಾತ್ರ ಹೊರಬರುತ್ತಿತ್ತು. ಹಿಂಬದಿಯಲ್ಲಿ ಸಿಂಹಾಸನದಂತೆ ಎತ್ತರಿಸಿದ ಆಸನವಿರುವುದರಿಂದ ಅದಕ್ಕೆ ‘ಥ್ರೋನ್ ಕಾರ್’ ಎಂಬ ಹೆಸರು ಬಂದಿತು. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಈ ಕಾರು ಕನ್ನಡಿಗರ ಇತಿಹಾಸಕ್ಕೂ ಸೇರಿದ ವಸ್ತು.

ಆ ದಿನಗಳಲ್ಲಿ ರೋಲ್ಸ್ ರಾಯ್ಸ್ ಸಂಸ್ಥೆ ಚಾಸಿ ಮತ್ತು ಇಂಜಿನ್ನುಗಳನ್ನು ಮಾತ್ರ ತಯಾರಿಸುತ್ತಿತ್ತು. ಬಾಡಿ ಕಟ್ಟುವವರು ಬೇರೆ. ನಿಜಾಮರ ಕಾರಿನ ಬಾಡಿ ಲಂಡನ್ನಿನ ಬಾರ್ಕರ್ ಸಂಸ್ಥೆಯದು. ಕೆಲವು ವರ್ಷಗಳ ನಂತರ ಹಳೆಯ ಬಾಡಿ ಇಳಿಸಿ, ಅದೇ ಚಾಸಿಗೆ ಹೊಸ ಶೈಲಿಯ ಬಾಡಿ ಕೂಡಿಸುವುದು ಅಂದಿನ ಶ್ರೀಮಂತರಲ್ಲಿ ರೂಢಿಯಾಗಿತ್ತು. ಆದ್ದರಿಂದ ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಯೊಂದೇ ‘ಮೂಲ’ ಎನ್ನಲಾಗದು. ಕಾರು ಬಳಕೆಯಲ್ಲಿದ್ದಾಗ ಆದ ಬದಲಾವಣೆಗಳೂ ಅದರ ಚರಿತ್ರೆಯೇ. ನಾಳೆ ಯಾರೋ ಆ ಬದಲಾವಣೆಗಳನ್ನೆಲ್ಲ ತೆಗೆದು ಹೊಸದಾಗಿ 1912ರ ರೂಪ ಕೊಟ್ಟರೆ, ಹೋದದ್ದು ಚರಿತ್ರೆ, ಬಂದದ್ದು ಅನುಕರಣೆ.

ಒಂದು ನ್ಯಾಯಾಲಯದ ತೀರ್ಪು

ಈ ಪ್ರಶ್ನೆ 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನ ಮುಂದೆ ಬಂದಿತ್ತು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದಿತ್ತು. ಆಮೇಲೆ ಅದರ ಇಂಜಿನ್, ಬಾಡಿ ಮೊದಲಾದವು ಮತ್ತೆಮತ್ತೆ ಬದಲಾದವು. 1929ರ ಭಾಗಗಳಲ್ಲಿ ಉಳಿದದ್ದು ಅತ್ಯಲ್ಪ. ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದವರು, ಇದು ಆ ಕಾರೇ ಅಲ್ಲವೆಂದು ಹಿಂದೆ ಸರಿದರು. ನ್ಯಾಯಮೂರ್ತಿ ಆಟನ್ ಅವರು ಮಾರಾಟಗಾರರ ಪರವಾಗಿ ತೀರ್ಪಿತ್ತರು. ಕಾರಿನ ಚರಿತ್ರೆ ಎಲ್ಲಿಯೂ ಕಡಿದುಹೋಗಿಲ್ಲ, ಅದರ ಹೆಸರಿಗೆ ಬೇರೊಂದು ಕಾರು ಹಕ್ಕುದಾರನಾಗಿಲ್ಲ, ಆದ್ದರಿಂದ ಅದು ಓಲ್ಡ್ ನಂಬರ್ ಒನ್ನೇ ಎಂಬುದು ತೀರ್ಪಿನ ಸಾರ. ಆದರೆ 1929ರ ಅಥವಾ 1930ರ ಮೂಲ ಕಾರು ಈಗ ಇಲ್ಲವೆಂಬುದನ್ನೂ ನ್ಯಾಯಾಲಯ ಒಪ್ಪಿಕೊಂಡಿತು.

ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. ಇದು ಅದೇ ಕಾರೇ ಎಂಬುದು ಗುರುತಿನ ಪ್ರಶ್ನೆ. ಅಖಂಡವಾದ ಚರಿತ್ರೆ ಮತ್ತು ದಾಖಲೆಗಳಿಂದ ಅದಕ್ಕೆ ಉತ್ತರ ಸಿಗುತ್ತದೆ. ಅದರಲ್ಲಿ ಹಳೆಯದು ಎಷ್ಟು ಉಳಿದಿದೆ ಎಂಬುದು ದ್ರವ್ಯದ ಪ್ರಶ್ನೆ. ಅದಕ್ಕೆ ಉತ್ತರ ಲೋಹ, ಮರ, ಚರ್ಮ, ಬಣ್ಣಗಳಲ್ಲಿದೆ. ಮೊದಲನೆಯದು ಉಳಿದ ಮಾತ್ರಕ್ಕೆ ಎರಡನೆಯದೂ ಉಳಿಯಿತೆಂದು ಭಾವಿಸುವುದು ತಪ್ಪು.

ನಮ್ಮ ದೇಶದ ನಿಯಮ

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕಲ್ಪಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಇರುವ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳು ಇದಕ್ಕೆ ಅರ್ಹ. ಚಾಸಿ, ಬಾಡಿ ಅಥವಾ ಇಂಜಿನ್ನಿನ ಮಾರ್ಪಾಡನ್ನು ಒಳಗೊಂಡ ಗಣನೀಯ ಬದಲಾವಣೆ ಆಗಿರಬಾರದು. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಹೊಸ ನೋಂದಣಿಗೆ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳಿರುತ್ತವೆ. ಈಗಾಗಲೇ ನೋಂದಣಿಯಾದ ವಾಹನಗಳು ತಮ್ಮ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು.

ಇದು ಅರಮನೆಯ ಕಾರುಗಳಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. 1970ರ ದಶಕದ ಆರಂಭದ ಅಂಬಾಸಿಡರ್ ಕಾರೂ ಈಗ 50 ವರ್ಷ ದಾಟಿದೆ. ಪೆಟ್ರೋಲಿನ ಬೆಲೆಗೆ ಅಂಜಿ ಡೀಸೆಲ್ ಇಂಜಿನ್ ಕೂಡಿಸಿಕೊಂಡ ಕುಟುಂಬಗಳು ಅನೇಕ. ಹಳೆಯ ಇಂಜಿನ್ ಗುಜರಿಗೆ ಹೋಗಿದ್ದರೆ, ತಂದೆಯವರ ಕಾಲದ ಕಾರು ಮನೆಯವರ ಪಾಲಿಗೆ ಅದೇ ಕಾರು. ನಿಯಮದ ಪಾಲಿಗೆ ಅಲ್ಲದಿರಬಹುದು.

ಮಿತಿ ಎಲ್ಲಿದೆ?

ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, ಟ್ಯೂರಿನ್ ಸನ್ನದಿನಲ್ಲಿ ಇದಕ್ಕೊಂದು ದಾರಿ ತೋರಿದೆ. ಸಂರಕ್ಷಣೆಗೆ ಮೊದಲ ಸ್ಥಾನ. ಜೀರ್ಣೋದ್ಧಾರ ಅಗತ್ಯವಿದ್ದಷ್ಟು ಮಾತ್ರ. ಮಾಡಿದ ಕೆಲಸವೆಲ್ಲ ದಾಖಲಾಗಬೇಕು. ಹೊಸ ಭಾಗಗಳನ್ನು ಗುರುತಿಸುವಂತಿರಬೇಕು. ತೆಗೆದ ಮುಖ್ಯ ಭಾಗಗಳನ್ನು ವಾಹನದೊಡನೆಯೇ ಕಾಪಾಡಬೇಕು.

ಟಯರು, ಬೇರಿಂಗ್, ಬ್ರೇಕ್ ಲೈನಿಂಗ್‌ಗಳು ಸವೆಯುವುದಕ್ಕೆಂದೇ ಇರುವ ಭಾಗಗಳು; ಅವನ್ನು ಬದಲಿಸಿದರೆ ಕಾರಿಗೆ ಕುಂದಿಲ್ಲ. ಬಾಡಿಯ ಮರದ ಚೌಕಟ್ಟಿನಲ್ಲಿ ಗೆದ್ದಲು ತಿಂದಷ್ಟನ್ನು ಕತ್ತರಿಸಿ ಹೊಸ ಮರ ಕೂಡಿಸಿದರೆ ಅದು ದುರಸ್ತಿ. ಇಡೀ ಚೌಕಟ್ಟನ್ನು ಎಸೆದರೆ ಅದು ಹೊಸ ನಿರ್ಮಾಣ. 1920ರ ದಶಕದ ಕೊನೆಯವರೆಗೆ ಹೊಳೆಯುವ ಲೋಹಭಾಗಗಳು ಸಾಮಾನ್ಯವಾಗಿ ಹಿತ್ತಾಳೆಯವು ಇಲ್ಲವೇ ನಿಕ್ಕಲ್ ಲೇಪಿತವಾದವು. ಅವುಗಳಿಗೆ ಕ್ರೋಮ್ ಹಾಕಿಸಿದರೆ ಕಾರು ಸುಂದರವಾಗಿ ಕಾಣಬಹುದು, ಆದರೆ ತನ್ನ ಕಾಲದ ಬಗ್ಗೆ ಸುಳ್ಳು ಹೇಳತೊಡಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಮಿತಿಯನ್ನು ಶೇಕಡಾವಾರು ಲೆಕ್ಕದಿಂದ ನಿರ್ಧರಿಸಲಾಗದು. ಮುಂದೆ ಆ ಕಾರನ್ನು ಬಿಚ್ಚುವ ಮೆಕ್ಯಾನಿಕ್ಕಿಗೆ ಯಾವುದು ಹಳೆಯದು, ಯಾವುದು ನಾವು ಸೇರಿಸಿದ್ದು ಎಂದು ತಿಳಿಯುವಂತಿದ್ದರೆ ಅದು ಸಂರಕ್ಷಣೆ. ತಿಳಿಯದಂತೆ ಎಲ್ಲವೂ ಏಕವಾಗಿ ಥಳಥಳಿಸಿದರೆ ಉಳಿದದ್ದು ಹೆಸರು ಮಾತ್ರ. ಮನೆಯಲ್ಲಿ ಹಳೆಯ ಕಾರಿರುವ ಓದುಗರು ಗ್ಯಾರೇಜಿಗೆ ಒಯ್ಯುವ ಮೊದಲು ಅದನ್ನು ಎಲ್ಲ ಕಡೆಯಿಂದ ಛಾಯಾಚಿತ್ರ ತೆಗೆದಿಡಲಿ, ಚಾಸಿ ಮತ್ತು ಇಂಜಿನ್ ಸಂಖ್ಯೆಗಳನ್ನು ಬರೆದಿಡಲಿ, ಬಾಗಿಲ ಮರೆಯಲ್ಲಿ ಅಂಗೈಯಗಲದಷ್ಟಾದರೂ ಹಳೆಯ ಬಣ್ಣವನ್ನು ಹಾಗೆಯೇ ಬಿಡಲಿ. ಕಳಚಿದ ಭಾಗಗಳನ್ನು ಗುಜರಿಯವನಿಗೆ ಕೊಡದೆ ಒಂದು ಪೆಟ್ಟಿಗೆಯಲ್ಲಿ ಇಡಿಸಲಿ ಎಂದು ವಿನಂತಿಸುತ್ತೇವೆ.