ಕಲಿಸುವವರ ಕಲಿಕೆ

ಒಳ್ಳೆಯ ಶಿಕ್ಷಕರು ಆಕಾಶದಿಂದ ಉದುರುವುದಿಲ್ಲ. ಈ ಮಾತನ್ನು ಮೈಸೂರು ಬಹಳ ಹಿಂದೆಯೇ ಅರಿತಿತ್ತು. 1963ರಲ್ಲಿ ಎನ್‌ಸಿಇಆರ್‌ಟಿ ದೇಶದ ನಾಲ್ಕು ಕಡೆ ತೆರೆದ ಪ್ರಾದೇಶಿಕ ಶಿಕ್ಷಣ ಕಾಲೇಜುಗಳಲ್ಲಿ ಒಂದು ಇಲ್ಲಿಗೆ ಬಂತು. ವಿಷಯವನ್ನೂ ಬೋಧನೆಯನ್ನೂ ನಾಲ್ಕು ವರ್ಷ ಜೊತೆಜೊತೆಗೆ ಕಲಿಸುವ ಪದ್ಧತಿ ಅಲ್ಲಿಯದು. ಕಲಿತದ್ದನ್ನು ಮಕ್ಕಳೆದುರು ಒರೆಗೆ ಹಚ್ಚಲು ಆವರಣದಲ್ಲೇ ಶಾಲೆಯೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರೊಳಗೆ ಎಲ್ಲ ಶಿಕ್ಷಕರಿಗೂ ಬಯಸಿದ್ದು ಇಂಥ ನಾಲ್ಕು ವರ್ಷದ ಪದವಿಯನ್ನೇ.

ಆದರೆ ತರಬೇತಿಯೊಂದೇ ಸಾಕೇ? ಶಿಕ್ಷಕನಿಗೂ ಮಕ್ಕಳಿಗೂ ಓದಿನ ವಾತಾವರಣ ಬೇಡವೇ? ಇದೇ ಊರಿನ ರಾಜೀವನಗರದಲ್ಲಿ, ಶಾಲೆಯ ಮೆಟ್ಟಿಲು ಹತ್ತದ ಕೂಲಿ ಕಾರ್ಮಿಕ ಸೈಯದ್ ಇಸಾಕ್ 2011ರಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆದರು. ಎಲ್ಲರೂ ಕನ್ನಡ ಓದಲಿ ಎಂಬುದು ಅವರ ಆಸೆ. 2021ರ ಏಪ್ರಿಲ್ 9ರ ನಸುಕಿನಲ್ಲಿ ಬೆಂಕಿ ಬಿದ್ದು ಸುಮಾರು 11 ಸಾವಿರ ಪುಸ್ತಕಗಳು ಬೂದಿಯಾದವು. ಇಸಾಕ್ ಎದೆಗುಂದಲಿಲ್ಲ, ನಾಡಿನ ಜನ ಪುಸ್ತಕ ಕೊಟ್ಟು ಕೈಹಿಡಿದರು.

ನಮ್ಮ ಶಾಲೆಗಳ ಆಡಳಿತ ಮಂಡಳಿಗಳು ಕಟ್ಟಡಕ್ಕೆ ಚಂದಾ ಎತ್ತುತ್ತವೆ. ಶಿಕ್ಷಕರ ಓದಿಗೆ, ತರಬೇತಿಗೆ ಎಷ್ಟು ತೆಗೆದಿಡುತ್ತವೆ? ಉರ್ದು, ಕನ್ನಡ ಎರಡನ್ನೂ ಕಲಿತ ನಮಗೆ ಇಂದಿಗೂ ನೆನಪಿರುವುದು ಕಟ್ಟಡವಲ್ಲ, ಸ್ವತಃ ಓದುತ್ತಿದ್ದ ಉಸ್ತಾದರು. ಶಾಲೆ ಕಾಣದವರೇ ಓದಿಸಲು ಹೊರಟಿರುವಾಗ, ಓದಿದ ನಾವು ಸುಮ್ಮನಿರುವುದು ತರವೇ?