ಟೂತ್‌ಪೇಸ್ಟ್ ಉಜ್ಜಿದರೆ ಕಾರಿನ ಗೀರು ಮಾಯವಾಗುತ್ತದೆಯೇ?

ಕಾರಿನ ಬಾಗಿಲ ಮೇಲೆ ಉದ್ದನೆಯ ಗೀರು. ಯಾರೋ ಬಟ್ಟೆಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಗೀರು ಮಾಯ! ಇಂಥ ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಕೆಲವದರಲ್ಲಿ ಟೂತ್‌ಪೇಸ್ಟ್ ಬದಲು ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಇರುತ್ತದೆ. ಕೊನೆಗೆ “ಗ್ಯಾರೇಜಿಗೆ ದುಡ್ಡು ಸುರಿಯಬೇಡಿ, ಎಲ್ಲರಿಗೂ ಹಂಚಿ” ಎಂಬ ಸಲಹೆ. ಇದು ನಿಜವೇ?

ಚುಟುಕಾಗಿ ಹೇಳುವುದಾದರೆ ಇದು ಅರ್ಧ ಸತ್ಯ. ತೀರಾ ಮೇಲ್ಮೈಯಲ್ಲಿರುವ ಗೀರು ಟೂತ್‌ಪೇಸ್ಟಿನಿಂದ ಮಸುಕಾಗಬಹುದು. ಆದರೆ ಯಾವ ಪೇಸ್ಟೂ, ಯಾವ ಎಣ್ಣೆಯೂ ಗೀರನ್ನು ತುಂಬಿ ಸರಿ ಮಾಡುವುದಿಲ್ಲ. ಸುಮ್ಮನೆ ಉಜ್ಜುತ್ತಾ ಹೋದರೆ ಇರುವ ಬಣ್ಣಕ್ಕೂ ಕುತ್ತು.

ಕಾರಿನ ಬಣ್ಣದಲ್ಲಿ ಎಷ್ಟು ಪದರಗಳಿವೆ?

ನಮ್ಮ ಕಣ್ಣಿಗೆ ಒಂದೇ ಬಣ್ಣದಂತೆ ಕಂಡರೂ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ಮೊದಲನೆಯದು ತುಕ್ಕು ತಡೆಯುವ ಲೇಪ. ಅದರ ಮೇಲೆ ಪ್ರೈಮರ್, ನಂತರ ಬಣ್ಣ. ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಕಾರಿನ ಹೊಳಪು ಬರುವುದು ಇದರಿಂದಲೇ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಪಾಡುವುದೂ ಇದೇ.

ಈ ನಾಲ್ಕೂ ಪದರ ಸೇರಿದರೆ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಆರನೇ ಒಂದು ಭಾಗಕ್ಕಿಂತಲೂ ಕಡಿಮೆ. ಇದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲು ಸಾಮಾನ್ಯವಾಗಿ ಇದಕ್ಕಿಂತ ದಪ್ಪ. ಒಮ್ಮೆ ಸವೆದ ಕ್ಲಿಯರ್ ಕೋಟ್ ಮತ್ತೆ ಬೆಳೆಯುವುದಿಲ್ಲ.

ಹಾಗಾದರೆ ವಿಡಿಯೋದಲ್ಲಿ ಗೀರು ಹೋಗಿದ್ದು ಹೇಗೆ?

ಇದಕ್ಕೆ ಮೂರು ಕಾರಣಗಳಿರಬಹುದು.

ಮೊದಲನೆಯದು, ಟೂತ್‌ಪೇಸ್ಟ್‌ನಲ್ಲಿ ಹಲ್ಲಿನ ಕೊಳೆ ತಿಕ್ಕಲು ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್‌ನ ನುಣ್ಣನೆಯ ಕಣಗಳಿರುತ್ತವೆ. ಇವು ಗೀರಿನ ಅಂಚನ್ನೂ ಅಕ್ಕಪಕ್ಕದ ಕ್ಲಿಯರ್ ಕೋಟನ್ನೂ ಸವೆಸುತ್ತವೆ. ಗೀರಿನ ಹಳ್ಳ ತುಂಬುವುದಿಲ್ಲ, ಸುತ್ತಲಿನ ದಿಬ್ಬ ತಗ್ಗುತ್ತದೆ ಅಷ್ಟೆ. ಅಂಗಡಿಯಲ್ಲಿ ಸಿಗುವ ರಬ್ಬಿಂಗ್ ಕಾಂಪೌಂಡ್ ಕೆಲಸ ಮಾಡುವುದೂ ಹೀಗೆಯೇ. ವ್ಯತ್ಯಾಸವೆಂದರೆ ಅದರ ಕಣಗಳನ್ನು ಬಣ್ಣಕ್ಕೆಂದೇ ಆರಿಸಿರುತ್ತಾರೆ. ಟೂತ್‌ಪೇಸ್ಟ್ ತಯಾರಾಗಿರುವುದು ಬಣ್ಣಕ್ಕಿಂತ ಎಷ್ಟೋ ಗಟ್ಟಿಯಾದ ಹಲ್ಲಿನ ಎನಾಮೆಲ್‌ಗಾಗಿ. ಹಾಗಾಗಿ ಅದು ಹೊಸ ಸಣ್ಣ ಗೆರೆಗಳನ್ನು ಮೂಡಿಸಿ ಜಾಗವನ್ನು ಮಂಕಾಗಿಸಬಹುದು.

ಎರಡನೆಯದು, ಬೆಳಕಿನ ಆಟ. ಗೀರಿನ ಒರಟು ಅಂಚುಗಳು ಬೆಳಕನ್ನು ಚದುರಿಸುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ಅದರೊಳಗೆ ನೀರೋ ಎಣ್ಣೆಯೋ ತುಂಬಿಕೊಂಡರೆ ಬೆಳಕು ಅಷ್ಟಾಗಿ ಚದುರದೆ ಗೀರು ಮರೆಯಾಗುತ್ತದೆ. ಒಣಗಿದ ಮೇಲೆ ಅಥವಾ ಎರಡು ಸಲ ಕಾರು ತೊಳೆದ ಮೇಲೆ ಮತ್ತೆ ಪ್ರತ್ಯಕ್ಷ! ವಿಡಿಯೋ ಮಾತ್ರ ಅಷ್ಟರೊಳಗೆ ಮುಗಿದಿರುತ್ತದೆ.

ಮೂರನೆಯದು, ಅದು ಗೀರೇ ಅಲ್ಲದಿರಬಹುದು. ಗೇಟಿಗೋ ಪಾರ್ಕಿಂಗ್ ಕಂಬಕ್ಕೋ ತಾಗಿದಾಗ ಅದರ ಬಣ್ಣ ನಮ್ಮ ಕಾರಿಗೆ ಮೆತ್ತಿಕೊಳ್ಳುತ್ತದೆ. ಇಂಥ ಕಲೆ ಉಜ್ಜಿದರೆ ಹೋಗುತ್ತದೆ.

ನಿಮ್ಮ ಗೀರು ಎಷ್ಟು ಆಳ?

ಏನಾದರೂ ಹಚ್ಚುವ ಮೊದಲು ಜಾಗವನ್ನು ತೊಳೆದು ಒಣಗಿಸಿ, ಎರಡು ಪರೀಕ್ಷೆ ಮಾಡಿ.

ಗೀರಿಗೆ ಅಡ್ಡಲಾಗಿ ಉಗುರನ್ನು ಮೆಲ್ಲಗೆ ಎಳೆಯಿರಿ. ಉಗುರು ಎಲ್ಲೂ ತಡೆಯದೆ ಜಾರಿದರೆ ಗೀರು ಬಹುತೇಕ ಕ್ಲಿಯರ್ ಕೋಟ್‌ನಲ್ಲೇ ಇದೆ. ಸಿಕ್ಕಿಕೊಂಡರೆ ಆಳವಾಗಿದೆ. ನಂತರ ಮೇಲೆ ನೀರು ಚಿಮುಕಿಸಿ. ಒದ್ದೆಯಾದಾಗ ಗೀರು ಕಾಣದಿದ್ದರೆ ಮನೆಯಲ್ಲೇ ಸರಿಯಾಗುವ ಸಾಧ್ಯತೆ ಹೆಚ್ಚು. ಒದ್ದೆಯಾದರೂ ಬೂದು ಪ್ರೈಮರ್ ಅಥವಾ ಹೊಳೆಯುವ ತಗಡು ಕಂಡರೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ಮನೆಯಲ್ಲಿ ಏನು ಮಾಡಬಹುದು?

ಮೇಲ್ಮೈ ಗೀರಾದರೆ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ತಗಡು ತಣ್ಣಗಾಗಲಿ. ಶುದ್ಧ ಮೈಕ್ರೋಫೈಬರ್ ಬಟ್ಟೆಗೆ ನುಣುಪಾದ ಕಾಂಪೌಂಡ್ ಬಟಾಣಿ ಗಾತ್ರದಷ್ಟು ಹಾಕಿ, ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪ್ರಯೋಗಿಸಿ. ನಂತರ ಗೀರಿರುವಷ್ಟೇ ಜಾಗದಲ್ಲಿ ಹಗುರವಾಗಿ ಉಜ್ಜಿ, ಒರೆಸಿ ನೋಡಿ. ಎರಡು ಮೂರು ಸಲಕ್ಕೆ ಹೋಗದಿದ್ದರೆ ನಿಲ್ಲಿಸಿ. ಕೊನೆಗೆ ವ್ಯಾಕ್ಸ್ ಹಚ್ಚಿ. ಬಾಗಿಲು, ಬಾನೆಟ್‌ನ ಚೂಪು ಅಂಚುಗಳಲ್ಲಿ ಬಣ್ಣ ಬೇಗ ಸವೆಯುತ್ತದೆ, ಅಲ್ಲಿ ಜೋಪಾನ. ಮ್ಯಾಟ್ ಬಣ್ಣದ ಕಾರಿಗೆ ಕಾಂಪೌಂಡ್ ಬೇಡವೇ ಬೇಡ. ಉಜ್ಜಿದ ಜಾಗವಷ್ಟೇ ಹೊಳೆದು ಕಲೆಯಂತೆ ಉಳಿಯುತ್ತದೆ.

ತಗಡು ಕಾಣುತ್ತಿದ್ದರೆ ಅಂದಕ್ಕಿಂತ ಮೊದಲು ತುಕ್ಕಿನ ಚಿಂತೆ ಮಾಡಬೇಕು. ಮಳೆಗಾಲದಲ್ಲಿ, ಅದರಲ್ಲೂ ಉಪ್ಪುಗಾಳಿಯ ಕರಾವಳಿಯಲ್ಲಿ ತುಕ್ಕು ಬೇಗ ಹಿಡಿದು ಅಕ್ಕಪಕ್ಕದ ಬಣ್ಣದಡಿಗೂ ಹರಡುತ್ತದೆ. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಅಂಟಿಸಿರುವ ಚೀಟಿಯಲ್ಲಿ ಬಣ್ಣದ ಕೋಡ್ ನೋಡಿ, ಅದೇ ಟಚ್‌ಅಪ್ ಪೇಂಟ್ ತಂದು ತೆಳುವಾಗಿ ಎರಡು ಮೂರು ಬಾರಿ ಹಚ್ಚಿ. ಪ್ರತಿ ಸಲವೂ ಒಣಗಲು ಬಿಡಿ. ಗುರುತು ಪೂರ್ತಿ ಹೋಗದು, ತುಕ್ಕು ತಪ್ಪುತ್ತದೆ. ಬಂಪರ್ ಸಾಮಾನ್ಯವಾಗಿ ಪ್ಲಾಸ್ಟಿಕ್‌ನದ್ದು. ಅದಕ್ಕೆ ತುಕ್ಕಿಲ್ಲ, ಹಾಗಾಗಿ ಅವಸರವೂ ಇಲ್ಲ.

ಏನು ಮಾಡಬಾರದು?

ಪೆಟ್ರೋಲ್, ಥಿನ್ನರ್ ಹಾಕಿ ಉಜ್ಜಬೇಡಿ. ಬಣ್ಣ ಹಾಳಾಗುವುದಷ್ಟೇ ಅಲ್ಲ, ಬೆಂಕಿಯ ಅಪಾಯವೂ ಇದೆ. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಮುಟ್ಟಿಸಲೇಬೇಡಿ. ಹಾರ್ಡನರ್ ಬೆರೆಸುವ ಕ್ಲಿಯರ್ ಕೋಟ್ ಸ್ಪ್ರೇಯನ್ನು ಮನೆಯಲ್ಲಿ ಬಳಸಬೇಡಿ. ಅದರಲ್ಲಿರುವ ಐಸೊಸಯನೇಟ್ ರಾಸಾಯನಿಕ ಉಸಿರಿನಲ್ಲಿ ಸೇರಿದರೆ ಅಸ್ತಮಾ ಬರಬಹುದು. ಬಟ್ಟೆಯ ಮಾಸ್ಕ್ ಇದನ್ನು ತಡೆಯುವುದಿಲ್ಲ.

ಚಿಕ್ಕ ಗೀರಿಗೆ ವಿಮೆ ಕ್ಲೇಮ್ ಮಾಡುವ ಮೊದಲೂ ಲೆಕ್ಕ ಹಾಕಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20, ಸತತ ಐದು ವರ್ಷ ಮಾಡದಿದ್ದರೆ ಶೇ. 50 ರಿಯಾಯಿತಿ ಸಿಗುತ್ತದೆ. ಒಂದೇ ಕ್ಲೇಮ್ ಸಾಮಾನ್ಯವಾಗಿ ಅಷ್ಟನ್ನೂ ಕಳೆಯುತ್ತದೆ.

ಗೀರು ಬೀಳದಂತೆ ತಡೆಯುವುದು ಹೇಗೆ?

ಬಿಸಿಲಿನಲ್ಲಿ ಬಾನೆಟ್ ಮೇಲೆ ಕಾಣುವ ಜೇಡರ ಬಲೆಯಂಥ ಸಣ್ಣ ಗೆರೆಗಳು ಹೆಚ್ಚಾಗಿ ನಾವೇ ಮಾಡಿಕೊಂಡವು. ದೂಳು ಕೂತ ಕಾರನ್ನು ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಒರೆಸುವುದೆಂದರೆ ಸ್ಯಾಂಡ್ ಪೇಪರ್ ಉಜ್ಜಿದ ಹಾಗೆ. ಮೊದಲು ನೀರು ಸುರಿದು ದೂಳು ಇಳಿಸಿ. ಸೋಪಿನ ನೀರಿಗೊಂದು, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ ಇಟ್ಟುಕೊಳ್ಳಿ. ಕೆಳಗೆ ಬಿದ್ದ ಬಟ್ಟೆಯನ್ನು ತೊಳೆಯದೆ ಮತ್ತೆ ಮುಟ್ಟಿಸಬೇಡಿ.

ಒಟ್ಟಿನಲ್ಲಿ, ಟೂತ್‌ಪೇಸ್ಟ್ ಹಲ್ಲಿಗೇ ಇರಲಿ. ಮುಂದಿನ ಸಲ ಇಂಥ ವಿಡಿಯೋ ಬಂದಾಗ ಗೀರು ಒಣಗಿದ ಮೇಲೆ ಹೇಗಿದೆ ಎಂದು ತೋರಿಸಿದ್ದಾರೆಯೇ ನೋಡಿ. ತೋರಿಸಿಲ್ಲವಾದರೆ ಅದನ್ನು ಮುಂದಕ್ಕೆ ಕಳಿಸಬೇಡಿ.