ಮನೆಯಲ್ಲಿ ಕಾಫಿ ಕ್ಯಾಪ್ಸೂಲ್: ತಿಳಿವು ಮತ್ತು ಬಳಕೆ

ಮಲಯಾಳದ ‘ತುಂಬ’ ನಮ್ಮ ತುಂಬೆಯೇ. ಆ ಹೆಸರನ್ನು ಹೊತ್ತ ತಿರುವನಂತಪುರದ ಕಡಲತಡಿಯಿಂದ 1963ರ ನವೆಂಬರ್ 21ರಂದು ಭಾರತದ ಮೊದಲ ರಾಕೆಟ್ ಹಾರಿತು. ಮುಂದೆ ಅಲ್ಲಿ ಬೆಳೆದ ಬಾಹ್ಯಾಕಾಶ ಕೇಂದ್ರಕ್ಕೂ, ಕೊಚ್ಚಿಯ ನೌಕಾನೆಲೆ, ಬ್ಯಾಂಕು, ಇನ್ಫೋಪಾರ್ಕ್ ಮುಂತಾದೆಡೆಗಳಿಗೂ ಉದ್ಯೋಗ ನಿಮಿತ್ತ ಬಂದು ನೆಲೆಸಿದ ಕನ್ನಡ ಕುಟುಂಬಗಳು ಹಲವು. ಊರಿಗೆ ಹೋಗಿಬರುವಾಗ ಈ ಮನೆಗಳವರು ಮರೆಯದೆ ತರುವ ವಸ್ತುಗಳಲ್ಲಿ ಕಾಫಿಪುಡಿಯೂ ಒಂದು. ರಾತ್ರಿಯೇ ಫಿಲ್ಟರಿಗೆ ಪುಡಿ ಹಾಕಿಟ್ಟು ಬೆಳಗಿನ ಡಿಕಾಕ್ಷನ್ ಸಿದ್ಧಮಾಡಿಕೊಳ್ಳುವ ಪದ್ಧತಿ ಇಂದಿಗೂ ನಮ್ಮಲ್ಲಿ ಉಳಿದಿದೆ.

ಇತ್ತೀಚಿನ ವರ್ಷಗಳಲ್ಲಿ ಆ ಫಿಲ್ಟರಿನ ಪಕ್ಕದಲ್ಲಿ ಕ್ಯಾಪ್ಸೂಲ್ ಯಂತ್ರವೂ ಕಾಣಿಸಿಕೊಳ್ಳತೊಡಗಿದೆ. ಕೆಲವರಿಗೆ ಅದು ವಿದೇಶದಲ್ಲಿರುವ ಮಕ್ಕಳ ಉಡುಗೊರೆ. ಮತ್ತೆ ಕೆಲವರು ಇಲ್ಲಿಯೇ ಕೊಂಡಿದ್ದಾರೆ. ಯಂತ್ರದ ಜೊತೆಗೆ ಪ್ರಶ್ನೆಗಳೂ ಬಂದಿವೆ. ಇದರಿಂದ ನಮ್ಮ ರುಚಿಯ ಕಾಫಿ ಆದೀತೆ? ಖರ್ಚು ಎಷ್ಟು? ಬರಿದಾದ ಕ್ಯಾಪ್ಸೂಲನ್ನು ಎಲ್ಲಿ ಹಾಕಬೇಕು? ಈ ಪ್ರಶ್ನೆಗಳಿಗೆ ಉತ್ತರ ನೀಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಕ್ಯಾಪ್ಸೂಲ್ ಎಂದರೇನು?

ಹುರಿದು ಪುಡಿಮಾಡಿದ ಕಾಫಿಯನ್ನು ಒಂದು ಬಟ್ಟಲಿಗೆ ಬೇಕಾದಷ್ಟೇ ಅಳೆದು, ಗಾಳಿ ಸೋಕದಂತೆ ಮುಚ್ಚಿದ ಪುಟ್ಟ ಡಬ್ಬಿಯೇ ಕ್ಯಾಪ್ಸೂಲ್. ಯಂತ್ರದಲ್ಲಿಟ್ಟು ಹಿಡಿ ಒತ್ತಿದೊಡನೆ ಅದಕ್ಕೆ ರಂಧ್ರಗಳು ಬೀಳುತ್ತವೆ. ಕುದಿಯುವುದಕ್ಕೆ ತುಸು ಕಡಿಮೆ ಶಾಖದ ನೀರು ಬಲವಾದ ಒತ್ತಡದಿಂದ ಪುಡಿಯ ಮೂಲಕ ಹಾದು, ಅರ್ಧ ನಿಮಿಷದೊಳಗೆ ಗಟ್ಟಿಯಾದ ಕಾಫಿ ಬಟ್ಟಲಿಗೆ ಇಳಿಯುತ್ತದೆ.

ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ಹನಿಹನಿಯಾಗಿ ಇಳಿಯುವುದರಿಂದ ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ಅಲ್ಲಿ ಕಾಲ ಮಾಡುವ ಕೆಲಸವನ್ನು ಇಲ್ಲಿ ಒತ್ತಡ ಮಾಡುತ್ತದೆ. ಎರಡರಲ್ಲಿಯೂ ದೊರೆಯುವುದು ಗಟ್ಟಿ ರಸವೇ ಆದರೂ ಅದರ ಮೈಕಟ್ಟು ಬೇರೆ, ಪರಿಮಳ ಬೇರೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಎರಿಕ್ ಫಾವ್ರ್ ಅವರು ನೆಸ್ಲೆ ಸಂಸ್ಥೆಯಲ್ಲಿದ್ದಾಗ ರೂಪಿಸಿದ ಈ ವಿಧಾನಕ್ಕೆ 1976ರಲ್ಲಿ ಪೇಟೆಂಟ್ ಕೋರಲಾಯಿತು. ‘ನೆಸ್ಪ್ರೆಸೊ’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ಮೂಲ ಪೇಟೆಂಟುಗಳ ಅವಧಿ ಮುಗಿಯುತ್ತ ಬಂದಂತೆ ಅದೇ ಅಳತೆಯ ಕ್ಯಾಪ್ಸೂಲುಗಳನ್ನು ಬೇರೆ ತಯಾರಕರೂ ಮಾರತೊಡಗಿದರು. ನೆಸ್ಪ್ರೆಸೊ ತನ್ನ ಮೊದಲ ಭಾರತೀಯ ಮಳಿಗೆಯನ್ನು 2025ರಲ್ಲಿ ದೆಹಲಿಯಲ್ಲಿ ತೆರೆಯಿತು. ಯೆಮನ್‌ನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದ ಬಾಬಾ ಬುಡನ್ ಅವರ ಐತಿಹ್ಯವನ್ನು ಕೇಳಿ ಬೆಳೆದ ನಮಗೆ, ಕಾಫಿಯ ಈ ಹೊಸ ವೇಷ ಕುತೂಹಲ ಮೂಡಿಸುವುದು ಸಹಜ.

ಬಗೆಗಳು ಹಾಗೂ ಹೊಂದಾಣಿಕೆ

ಎಲ್ಲ ಕ್ಯಾಪ್ಸೂಲುಗಳೂ ಎಲ್ಲ ಯಂತ್ರಗಳಿಗೂ ಹೊಂದುವುದಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ನೆಸ್ಪ್ರೆಸೊ ‘ಒರಿಜಿನಲ್’ ಮಾದರಿಯದು ಚಿಕ್ಕ ಅಲ್ಯೂಮಿನಿಯಂ ಕ್ಯಾಪ್ಸೂಲ್. ಒಳಗೆ ಸುಮಾರು 5ರಿಂದ 6 ಗ್ರಾಂ ಪುಡಿ ಇರುತ್ತದೆ. ಅದೇ ಸಂಸ್ಥೆಯ ‘ವರ್ಟುವೊ’ ಮಾದರಿಯಲ್ಲಿ ಗುಮ್ಮಟದಾಕಾರದ ಕ್ಯಾಪ್ಸೂಲ್ ವೇಗವಾಗಿ ತಿರುಗುತ್ತ ರಸ ಬಿಡುತ್ತದೆ. ‘ಡೋಲ್ಚೆ ಗುಸ್ಟೊ’ ಪ್ಲಾಸ್ಟಿಕ್ಕಿನದು. ಅದರ ಕೆಲವು ಪೊಟ್ಟಣಗಳಲ್ಲಿ ಹಾಲಿನ ಪುಡಿಗೆ ಪ್ರತ್ಯೇಕ ಕ್ಯಾಪ್ಸೂಲ್ ಇರುತ್ತದೆ. ಅಮೆರಿಕದ ಮನೆಗಳಲ್ಲಿ ಹೆಚ್ಚಾಗಿ ಕಾಣುವ ‘ಕೆ-ಕಪ್’ ದೊಡ್ಡದು. ಅದು ಹೆಚ್ಚಿನ ಒತ್ತಡವಿಲ್ಲದೆ ತೆಳುವಾದ ಕಾಫಿಯನ್ನು ಇಳಿಸುತ್ತದೆ.

ಒಂದರ ಕ್ಯಾಪ್ಸೂಲ್ ಮತ್ತೊಂದರಲ್ಲಿ ಕೂರುವುದಿಲ್ಲ. ಆದ್ದರಿಂದ ಯಂತ್ರದ ಅಂದಕ್ಕೆ ಮಾರುಹೋಗುವ ಮೊದಲು, ಅದಕ್ಕೆ ಹೊಂದುವ ಕ್ಯಾಪ್ಸೂಲ್ ನಮ್ಮ ಊರಿನಲ್ಲಿ ವರ್ಷವಿಡೀ ದೊರೆಯುವುದೇ ಎಂದು ವಿಚಾರಿಸುವುದು ಒಳಿತು. ‘ಒರಿಜಿನಲ್’ ಅಳತೆಗೆ ಹೊಂದುವ ಕ್ಯಾಪ್ಸೂಲುಗಳನ್ನು ಭಾರತದ ಕೆಲವು ತಯಾರಕರೂ ಮಾಡುತ್ತಿರುವುದರಿಂದ ಅದರಲ್ಲಿ ಆಯ್ಕೆ ಹೆಚ್ಚು.

ವಿದೇಶದಿಂದ ಬಂದ ಯಂತ್ರ

ಅಮೆರಿಕದ ಮನೆ ಬಳಕೆಯ ವಿದ್ಯುತ್ತು 120 ವೋಲ್ಟ್, ನಮ್ಮದು 230 ವೋಲ್ಟ್. ಅಲ್ಲಿಗೆಂದೇ ಮಾಡಿದ ಯಂತ್ರವನ್ನು ಬರಿಯ ಪಿನ್ ಬದಲಾಯಿಸಿ ಇಲ್ಲಿ ಹಾಕಿದರೆ ಅದು ಸುಟ್ಟುಹೋಗುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ಅಥವಾ ಯುರೋಪಿನಲ್ಲಿ ಕೊಂಡ ಯಂತ್ರಗಳ ತಳದಲ್ಲಿ 220ರಿಂದ 240 ವೋಲ್ಟ್ ಎಂದು ನಮೂದಾಗಿದ್ದರೆ, ಸೂಕ್ತ ಪ್ಲಗ್ ಅಳವಡಿಸಿ ಬಳಸಬಹುದು.

ಇಂತಹ ಯಂತ್ರಗಳು ಸಾಮಾನ್ಯವಾಗಿ 1,200ರಿಂದ 1,500 ವಾಟ್ ಶಕ್ತಿಯನ್ನು ಬೇಡುತ್ತವೆ. 1,500 ವಾಟ್ ಎಂದರೆ ಆರೂವರೆ ಆಂಪಿಯರ್. ಚಿಕ್ಕ 6 ಆಂಪಿಯರ್ ಸಾಕೆಟ್ಟಿಗೆ ಅದು ಮಿತಿಮೀರಿದ ಹೊರೆ. ಮಿಕ್ಸಿಯೂ ಯಂತ್ರವೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿರುವುದಂತೂ ಅಪಾಯಕರ. 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಜೋಡಿಸುವುದೇ ಸುರಕ್ಷಿತ.

ನಮ್ಮ ರುಚಿಗೆ ಹೊಂದಿಸುವ ಬಗೆ

ಕ್ಯಾಪ್ಸೂಲ್ ಕಾಫಿ ‘ನೀರುನೀರಾಗಿದೆ’ ಎಂಬುದು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಚಿಕೋರಿ. ನಾವು ಬಳಸುವ ಪುಡಿಗಳಲ್ಲಿ ಬಹುಪಾಲು ಚಿಕೋರಿ ಬೆರೆತವು. ಇಂತಹ ಮಿಶ್ರಣದಲ್ಲಿ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದೆಂದೂ, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದೂ ನಮ್ಮ ಆಹಾರ ನಿಯಮ ಹೇಳುತ್ತದೆ. ಡಿಕಾಕ್ಷನ್ನಿಗೆ ಕಪ್ಪು ಬಣ್ಣವನ್ನೂ ಮಂದತನವನ್ನೂ ಕೊಡುವುದು ಈ ಚಿಕೋರಿಯೇ. ಕ್ಯಾಪ್ಸೂಲುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಎರಡನೆಯ ಕಾರಣ ಗುಂಡಿಯ ಆಯ್ಕೆ. ‘ಲುಂಗೊ’ ಗುಂಡಿ ಒತ್ತಿದರೆ ಅದೇ 5 ಗ್ರಾಂ ಪುಡಿಯಿಂದ ಸುಮಾರು 110 ಮಿಲಿಲೀಟರ್ ಇಳಿಯುತ್ತದೆ. ಅದಕ್ಕೆ ಹಾಲು ಬೆರೆಸಿದರೆ ಸಪ್ಪೆಯಾಗದೆ ಇನ್ನೇನಾದೀತು? ಹಾಲಿನ ಕಾಫಿ ಬೇಕಾದವರು ‘ಎಸ್ಪ್ರೆಸೊ’ ಗುಂಡಿಯನ್ನೇ ಒತ್ತಬೇಕು. ಆಗ ದೊರೆಯುವ 40 ಮಿಲಿಲೀಟರ್ ರಸವನ್ನು ಡಿಕಾಕ್ಷನ್ ಎಂದೇ ಭಾವಿಸಿ, ಅದಕ್ಕೆ ಎರಡರಷ್ಟು, ಅಂದರೆ 80 ಮಿಲಿಲೀಟರ್ ಬಿಸಿ ಹಾಲನ್ನು ಬೆರೆಸಬೇಕು. ಹಾಲು ಒಲೆಯ ಮೇಲೆ ಚೆನ್ನಾಗಿ ಕಾದಿರಲಿ. ಯಂತ್ರದ ನೀರಿನ ತೊಟ್ಟಿಗೆ ಹಾಲನ್ನು ಎಂದಿಗೂ ಸುರಿಯಬಾರದು. ಲೋಟದಿಂದ ಬಟ್ಟಲಿಗೆ ಎರಡು ಬಾರಿ ಎತ್ತಿ ಹೊಯ್ದರೆ ನೊರೆ ತಾನಾಗಿ ಏಳುತ್ತದೆ. ಅದಕ್ಕೆ ಪ್ರತ್ಯೇಕ ಉಪಕರಣ ಬೇಕಿಲ್ಲ.

ಆಯ್ಕೆಯಲ್ಲಿಯೂ ವಿವೇಚನೆ ಇರಲಿ. ಹಾಲಿನಲ್ಲಿ ಎದ್ದು ತೋರುವುದು ಹೆಚ್ಚು ಹುರಿದ, ರೋಬಸ್ಟಾ ಬೆರೆತ ಕಾಫಿ. ರೋಬಸ್ಟಾ ಎಂದರೆ ಕೀಳೆಂಬ ಭಾವನೆ ಸಲ್ಲದು. ನಾವು ನೆಲೆಸಿರುವ ಈ ರಾಜ್ಯದ ವಯನಾಡು ರೋಬಸ್ಟಾ 2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾಗಳೊಂದಿಗೆ ಭೌಗೋಳಿಕ ಗುರುತನ್ನು ಪಡೆದ ಬೆಳೆ. ಆದರೆ ಅದರಲ್ಲಿ ಕೆಫೀನ್ ಪ್ರಮಾಣ ಅರೇಬಿಕಾದ ಸುಮಾರು ಇಮ್ಮಡಿ. ನಿದ್ರೆಯ ತೊಂದರೆಯಿರುವ ಹಿರಿಯರು ಇದನ್ನು ನೆನಪಿಟ್ಟುಕೊಂಡು ಸಂಜೆಯ ವೇಳೆಗೆ ಕೆಫೀನ್ ತೆಗೆದ ಕ್ಯಾಪ್ಸೂಲನ್ನು ಬಳಸಬಹುದು. ಗರ್ಭಿಣಿಯರು ದಿನದ ಒಟ್ಟು ಕೆಫೀನ್ 200 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳಬೇಕು.

ಲಾಭ ಮತ್ತು ಖರ್ಚು

ಕ್ಯಾಪ್ಸೂಲಿನ ಗುಣವನ್ನು ಒಪ್ಪಿಕೊಳ್ಳಲೇಬೇಕು. ಕೇರಳದ ಮಳೆಗಾಲದಲ್ಲಿ ತೆರೆದ ಕಾಫಿಪುಡಿ ಕೆಲವೇ ದಿನಗಳಲ್ಲಿ ತೇವ ಹಿಡಿದು ಪರಿಮಳ ಕಳೆದುಕೊಳ್ಳುತ್ತದೆ. ಮುಚ್ಚಿದ ಅಲ್ಯೂಮಿನಿಯಂ ಕ್ಯಾಪ್ಸೂಲಿಗೆ ಆ ಭಯವಿಲ್ಲ. ಪುಡಿ ಹಾಗೂ ನೀರು ಎರಡೂ ಅಳತೆಯವಾದ್ದರಿಂದ ಮಿಕ್ಕ ಡಿಕಾಕ್ಷನ್ ಚೆಲ್ಲುವ ಪ್ರಮೇಯವೂ ಇಲ್ಲ. ಪಾಳಿಯ ಕೆಲಸಕ್ಕೆ ನಸುಕಿನಲ್ಲೇ ಹೊರಡುವವರಿಗೂ, ಒಬ್ಬಂಟಿಯಾಗಿರುವ ಹಿರಿಯರಿಗೂ, ಹೇಳದೆ ಬಂದ ಅತಿಥಿಗೂ ಇದು ಅನುಕೂಲ.

ಖರ್ಚಿನ ಲೆಕ್ಕ ಹೀಗಿದೆ. ಕ್ಯಾಪ್ಸೂಲಿಗೆ 5 ಗ್ರಾಂನಂತೆ ಒಂದು ಕಿಲೋ ಕಾಫಿಗೆ 200 ಕ್ಯಾಪ್ಸೂಲುಗಳು ಬೇಕು. ಒಂದರ ಬೆಲೆ 50 ರೂಪಾಯಿ ಎಂದಿಟ್ಟುಕೊಂಡರೆ, ನಾವು ಕಿಲೋ ಕಾಫಿಗೆ 10,000 ರೂಪಾಯಿ ತೆತ್ತಂತಾಯಿತು. ನಾಲ್ವರ ಮನೆಯಲ್ಲಿ ದಿನಕ್ಕೆ ಎರಡು ಬಾರಿ ಕಾಫಿಯಾದರೆ ದಿನಕ್ಕೆ 8, ವರ್ಷಕ್ಕೆ 2,920 ಕ್ಯಾಪ್ಸೂಲುಗಳು. ಇದೇ ಲೆಕ್ಕದಲ್ಲಿ ವಾರ್ಷಿಕ ವೆಚ್ಚ ಒಂದೂವರೆ ಲಕ್ಷಕ್ಕೆ ಸಮೀಪಿಸುತ್ತದೆ. ತಮ್ಮ ಕ್ಯಾಪ್ಸೂಲಿನ ನಿಜವಾದ ಬೆಲೆಯನ್ನು ಹಾಕಿ ಓದುಗರೇ ಈ ಗುಣಾಕಾರ ಮಾಡಿ ನೋಡಬಹುದು.

ಖರ್ಚು ಕಡಿಮೆ ಮಾಡಲು ಮತ್ತೆ ಮತ್ತೆ ತುಂಬಿಸಬಹುದಾದ ಸ್ಟೀಲ್ ಕ್ಯಾಪ್ಸೂಲುಗಳು ದೊರೆಯುತ್ತವೆ. ಅವುಗಳಿಗೆ ಚಿಕೋರಿಯಿಲ್ಲದ ಶುದ್ಧ ಕಾಫಿಪುಡಿಯನ್ನೇ ಬಳಸಬೇಕು. ಚಿಕೋರಿ ನೀರು ಕುಡಿದು ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚುವ ಸಂಭವವಿದೆ. ಯಂತ್ರದ ಖಾತರಿ ಪತ್ರ ಇಂತಹ ಕ್ಯಾಪ್ಸೂಲುಗಳನ್ನು ಒಪ್ಪುತ್ತದೆಯೇ ಎಂಬುದನ್ನೂ ಮೊದಲೇ ಓದಿಕೊಳ್ಳಬೇಕು.

ಯಂತ್ರದ ಪಾಲನೆ

ತೊಟ್ಟಿಯ ನೀರನ್ನು ಪ್ರತಿದಿನ ಬದಲಾಯಿಸುವುದು, ಬೆಳಗಿನ ಮೊದಲ ಬಟ್ಟಲಿಗೆ ಮುನ್ನ ಕ್ಯಾಪ್ಸೂಲ್ ಇಲ್ಲದೆ ಬರಿಯ ನೀರು ಹಾಯಿಸುವುದು, ಬಳಸಿದ ಕ್ಯಾಪ್ಸೂಲ್ ಬೀಳುವ ಪೆಟ್ಟಿಗೆಯನ್ನು ದಿನವೂ ತೊಳೆಯುವುದು ಉತ್ತಮ ಅಭ್ಯಾಸಗಳು. ಇಲ್ಲಿನ ತೇವಭರಿತ ಹವೆಯಲ್ಲಿ ಎರಡೇ ದಿನ ಬಿಟ್ಟರೂ ಪೆಟ್ಟಿಗೆಯಲ್ಲಿ ಬೂಷ್ಟು ಕಟ್ಟಬಹುದು. ಗಡಸು ನೀರಿನ ಬಾವಿಯುಳ್ಳವರು ಶೋಧಿಸಿದ ನೀರನ್ನು ಬಳಸಬೇಕು. ತಯಾರಕರು ಸೂಚಿಸಿದ ಅವಧಿಗೊಮ್ಮೆ ಸುಣ್ಣದ ಪದರವನ್ನು ಕರಗಿಸುವ ದ್ರಾವಣ ಹಾಯಿಸಬೇಕು.

ಬರಿದಾದ ಕ್ಯಾಪ್ಸೂಲ್ ಎಲ್ಲಿಗೆ?

ಇಡೀ ವಿಷಯದಲ್ಲಿ ಅತ್ಯಂತ ಗಂಭೀರವಾದ ಪ್ರಶ್ನೆ ಇದು. ನಾವು ವಾಸಿಸುವ ಎರಡು ನಗರಗಳೂ ಕಸದ ಪಾಠವನ್ನು ಕಷ್ಟಪಟ್ಟು ಕಲಿತಿವೆ. ತಿರುವನಂತಪುರದ ಕಸವನ್ನೆಲ್ಲ ಹೊರುತ್ತಿದ್ದ ವಿಳಪ್ಪಿಲ್‌ಶಾಲೆಯ ಘಟಕ ಗ್ರಾಮಸ್ಥರ ದೀರ್ಘ ಹೋರಾಟದ ತರುವಾಯ 2011ರ ಡಿಸೆಂಬರಿನಲ್ಲಿ ಮುಚ್ಚಿತು. 2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು, ಹತ್ತು ದಿನಗಳಿಗೂ ಹೆಚ್ಚು ಕಾಲ ನಗರವು ವಿಷಭರಿತ ಹೊಗೆಯನ್ನು ಉಸಿರಾಡಿತು. ಹಸಿಕಸ ಮನೆಯಲ್ಲೇ ಗೊಬ್ಬರವಾಗಬೇಕು, ಒಣಕಸ ಶುಚಿಯಾಗಿ ಹರಿತ ಕರ್ಮ ಸೇನೆಯ ಕೈ ಸೇರಬೇಕು ಎಂಬ ಇಂದಿನ ಕ್ರಮದ ಹಿಂದೆ ಇಂತಹ ಅನುಭವಗಳಿವೆ.

ಕ್ಯಾಪ್ಸೂಲಿನ ತೊಡಕು ಇಲ್ಲಿಯೇ. ಅದು ಹಸಿಕಸವೂ ಹೌದು, ಒಣಕಸವೂ ಹೌದು. ಒಳಗೆ ಒದ್ದೆಯಾದ ಚರಟ, ಹೊರಗೆ ಲೋಹ ಅಥವಾ ಪ್ಲಾಸ್ಟಿಕ್. ಬಿಡಿಸದೆ ಎಸೆದರೆ ಗೊಬ್ಬರಕ್ಕೂ ಸಲ್ಲದು, ಮರುಬಳಕೆಗೂ ಸಲ್ಲದು. ಚೀಲದಲ್ಲಿ ಅದು ಕೊಳೆತರೆ ಉಳಿದ ಒಣಕಸವೂ ಕೆಡುತ್ತದೆ. ಅದನ್ನು ಬೇರ್ಪಡಿಸಬೇಕಾದವರು ಮನೆಮನೆಗೆ ಬರುವ ಆ ಹೆಣ್ಣುಮಕ್ಕಳೇ. ಇದೇ ಬಗೆಯ ಕಾರಣಗಳಿಗಾಗಿ ಜರ್ಮನಿಯ ಹ್ಯಾಂಬರ್ಗ್ ನಗರವು 2016ರಲ್ಲಿ ಸಾರ್ವಜನಿಕ ಹಣದಿಂದ ಕ್ಯಾಪ್ಸೂಲ್ ಯಂತ್ರಗಳನ್ನು ಕೊಳ್ಳುವುದನ್ನು ನಿಲ್ಲಿಸಿತು. ಕೆ-ಕಪ್ಪನ್ನು ರೂಪಿಸಿದ ಜಾನ್ ಸಿಲ್ವನ್ ಅವರೇ 2015ರಲ್ಲಿ ತಮ್ಮ ಸೃಷ್ಟಿಯ ಬಗ್ಗೆ ವಿಷಾದ ವ್ಯಕ್ತಪಡಿಸಿದ್ದರು.

ಪರಿಹಾರ ನಮ್ಮ ಕೈಯಲ್ಲೇ ಇದೆ. ಆರಿದ ಕ್ಯಾಪ್ಸೂಲಿನ ಮೇಲುಹಾಳೆಯನ್ನು ಚಮಚದ ತುದಿಯಿಂದ ಸೀಳಿ ಚರಟವನ್ನು ಗೊಬ್ಬರದ ಕಿಚನ್ ಬಿನ್ನಿಗೋ ಹೂಕುಂಡಕ್ಕೋ ಹಾಕಬೇಕು. ಖಾಲಿ ಡಬ್ಬಿಯನ್ನು ತುಸು ನೀರಿನಲ್ಲಿ ತೊಳೆದು, ಒಣಗಿಸಿ, ಚಪ್ಪಟೆಮಾಡಿ ಒಂದು ದೊಡ್ಡ ಡಬ್ಬದಲ್ಲಿ ಕೂಡಿಡಬೇಕು. ಬಿಡಿಬಿಡಿಯಾದ ಚಿಕ್ಕ ಕ್ಯಾಪ್ಸೂಲುಗಳು ವಿಂಗಡಣೆಯಲ್ಲಿ ಕಳೆದುಹೋಗುತ್ತವೆ. ಒಟ್ಟಾಗಿ ಕೊಟ್ಟರೆ ಹರಿತ ಕರ್ಮ ಸೇನೆಯವರೋ, ಇಲ್ಲಿ ‘ಆಕ್ರಿ’ ಎಂದು ಕರೆಯುವ ಗುಜರಿಯವರೋ ಕೊಂಡೊಯ್ಯಲು ಸುಲಭ. ಖಾಲಿ ಅಲ್ಯೂಮಿನಿಯಂ ಡಬ್ಬಿಯ ತೂಕ ಸುಮಾರು 1 ಗ್ರಾಂ ಮಾತ್ರ. ಆದರೆ ಮೇಲಿನ ಲೆಕ್ಕದ ಮನೆಯಿಂದ ವರ್ಷಕ್ಕೆ ಸುಮಾರು 3 ಕಿಲೋ ಲೋಹ ಸಿಗುತ್ತದೆ. ಅಲ್ಯೂಮಿನಿಯಂ ಅನ್ನು ಮರಳಿ ಕರಗಿಸಲು ಅದಿರಿನಿಂದ ತೆಗೆಯುವುದರ ಇಪ್ಪತ್ತನೇ ಒಂದು ಭಾಗದಷ್ಟು ಶಕ್ತಿ ಸಾಕು.

‘ಗೊಬ್ಬರವಾಗುವ ಕ್ಯಾಪ್ಸೂಲ್’ ಎಂಬ ಬರಹಕ್ಕೂ ಪೂರ್ತಿ ಮರುಳಾಗಬಾರದು. ಅವುಗಳಲ್ಲಿ ಹಲವು ಕರಗುವುದು ದೊಡ್ಡ ಘಟಕಗಳ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಮನೆಯ ಬಾಲ್ಕನಿಯ ಬಿನ್ನಿನಲ್ಲಿ ಅವು ತಿಂಗಳುಗಟ್ಟಲೆ ಹಾಗೆಯೇ ಉಳಿದಾವು. ಮನೆಯ ಗೊಬ್ಬರಕ್ಕೂ ಯೋಗ್ಯ ಎಂಬ ಸ್ಪಷ್ಟ ನಮೂದನ್ನು ನೋಡಿಯೇ ಕೊಳ್ಳಬೇಕು.

ಒಟ್ಟಿನಲ್ಲಿ, ನಿತ್ಯದ ಕಾಫಿಗೆ ಫಿಲ್ಟರ್, ಅವಸರಕ್ಕೆ ಮತ್ತು ಅತಿಥಿಗೆ ಕ್ಯಾಪ್ಸೂಲ್ ಎಂಬ ಹಂಚಿಕೆ ನಮ್ಮ ಮನೆಗಳಿಗೆ ಹೊಂದುವಂತಹುದು. ಕರೆಂಟು ಹೋದ ಮುಂಜಾನೆ ನೆರವಿಗೆ ಬರುವುದು ಫಿಲ್ಟರೇ. ಅದರಲ್ಲಿ ಉಳಿಯುವುದು ಗಿಡದ ಬುಡ ಸೇರಬಲ್ಲ ಚರಟ ಮಾತ್ರ. ಆದರೂ ಯಂತ್ರ ಮನೆಗೆ ಬಂದಿದ್ದರೆ ಅದನ್ನು ದೂರುವ ಅಗತ್ಯವಿಲ್ಲ. ಕಾಫಿ ಕುಡಿದವರೇ ಕ್ಯಾಪ್ಸೂಲ್ ಬಿಡಿಸಿ ತೊಳೆದಿಡುವ ನಿಯಮವೊಂದನ್ನು ಮನೆಯ ಮಕ್ಕಳಿಂದ ಹಿರಿಯರವರೆಗೆ ಎಲ್ಲರೂ ಪಾಲಿಸಿದರೆ ಸಾಕು. ನಮಗೆ ನೆಲೆ ಕೊಟ್ಟ ಈ ನಾಡಿಗೆ ನಾವು ಸಲ್ಲಿಸಬಹುದಾದ ಸಣ್ಣ ಸೇವೆ ಅದು.